ಬೀಳ್ಕೊಡುಗೆ ಪತ್ರದ ಜಾಗದಲ್ಲಿ ಚೇಂಜ್ ಓವರ್ ಸ್ವಿಚ್

ದಿನಾಂಕ: ಬರೆದ ದಿನದ್ದೇ, ಮುಂಚಿತವಾಗಿ ಹಾಕಿದ್ದಲ್ಲ.

ಇಂದ,
ತಮ್ಮ ಒಡಹುಟ್ಟಿದವನು,
ಲೈನ್‌ಮ್ಯಾನ್, ಹಿಂಬದಿಯ ಎರಡು ಕೋಣೆಗಳ ನಿವಾಸಿ,
ಇದೇ ಮನೆ.

ಗೆ,
ಹಿರಿಯಣ್ಣನವರು,
ನಿವೃತ್ತ ಸೂಪರಿಂಟೆಂಡೆಂಟರು ಹಾಗೂ ಸದ್ಯ ಈ ಮನೆಯ ಆಡಳಿತ ಮುಖ್ಯಸ್ಥರು,
ಹಾಲ್‌ನ ಕಿಟಕಿ ಪಕ್ಕದ ಮೇಜು,
ಇದೇ ಮನೆ.

(ಸೂಕ್ತ ಮಾರ್ಗದಲ್ಲಿ: ಅತ್ತಿಗೆಯವರ ಮೂಲಕ)

ವಿಷಯ: ಮನೆಯ ಜನರೇಟರಿಗೆ ಕೈಯಿಂದ ತಿರುಗಿಸುವ ಚೇಂಜ್ ಓವರ್ ಸ್ವಿಚ್ ಅಳವಡಿಸುವ ಬಗ್ಗೆ, ಹಾಗೂ ಆ ಸಲುವಾಗಿ ತಮ್ಮ ಬೀಳ್ಕೊಡುಗೆ ಪತ್ರದ ಚೌಕಟ್ಟನ್ನು ಒಂದೂವರೆ ಅಡಿ ಎಡಕ್ಕೆ ಸರಿಸುವ ಬಗ್ಗೆ.

ಉಲ್ಲೇಖ:
1. ಜನರೇಟರ್ ಮನೆಗೆ ಬಂದ ದಿನ ನಾನು ಬಾಯಲ್ಲಿ ಹೇಳಿದ್ದು. (ತಮ್ಮ ಷರಾ: "ಬಾಯಿಮಾತಿಗೆ ಕಡತ ಸಂಖ್ಯೆ ಕೊಡಲು ಬರುವುದಿಲ್ಲ.")
2. ನನ್ನ ಮೊದಲ ಅರ್ಜಿ. (ಷರಾ: "ಎಡಗಡೆ ಅಂಚು ಬಿಟ್ಟಿಲ್ಲ. ಹಿಂತಿರುಗಿಸಿದೆ.")
3. ಅಂಚು ಬಿಟ್ಟು ಬರೆದ ಎರಡನೆಯ ಅರ್ಜಿ. (ಷರಾ: "ಗೋಡೆಯ ಅಂದ ಕೆಡುವುದು. ಬದಲಿ ವ್ಯವಸ್ಥೆ ಮಾಡಲಾಗಿದೆ. ಕಡತ ಮುಕ್ತಾಯ.")
4. ತಮ್ಮ ಸುತ್ತೋಲೆ ಸಂಖ್ಯೆ 7, "ಮೇನ್ ಆಫ್ ಪುಸ್ತಕ" ಜಾರಿಗೆ ತಂದ ಬಗ್ಗೆ.
5. ಕೊಕ್ಕರೆಯ ಬಲಗೈ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದು ನನ್ನ ಮೂರನೆಯ ಅರ್ಜಿ. ಎಡಗಡೆ ಎರಡು ಬೆರಳಷ್ಟು ಅಂಚು ಬಿಟ್ಟಿದ್ದೇನೆ. ಎರಡು ಬೆರಳು ಎಂಬ ಅಳತೆ ಈ ಅರ್ಜಿಯಲ್ಲಿ ಮುಂದೆ ಇನ್ನೊಂದು ಕಡೆಯೂ ಬರುವುದರಿಂದ ಅಂಚನ್ನು ತಾವು ಗಮನವಿಟ್ಟು ನೋಡಬೇಕಾಗಿ ಕೋರುತ್ತೇನೆ.

1. ಆರು ವರ್ಷಗಳ ಹಿಂದೆ ತಾವು ನಿವೃತ್ತರಾದಿರಿ. ನಿವೃತ್ತರಾದದ್ದು ಕಚೇರಿಗೆ ಗೊತ್ತಾಯಿತು, ಮನೆಗೆ ಗೊತ್ತಾಗಲಿಲ್ಲ. ಮರುದಿನವೇ ಹಾಲ್‌ನ ಕಿಟಕಿ ಪಕ್ಕಕ್ಕೆ ಮೇಜು ಬಂತು, ಮೇಜಿನ ಮೇಲೆ ಬಂದ ಅರ್ಜಿಗಳನ್ನು ದಾಖಲಿಸುವ ಆವಕ ಪುಸ್ತಕ ಬಂತು, ಹಸಿರು ಶಾಯಿಯ ಪೆನ್ನು ಬಂತು. "ಇನ್ಮೇಲೆ ಈ ಮನೇಲಿ ಏನೇ ಬೇಕಿದ್ರೂ ಬರವಣಿಗೇಲಿ ಕೊಡಿ. ಬಾಯಿಗೆ ಬಂದಂಗೆ ಮನೆ ನಡೆಸೋಕಾಗಲ್ಲ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾವು ನಕ್ಕೆವು. ನಕ್ಕಿದ್ದು ನಮ್ಮ ತಪ್ಪು. ನನ್ನ ಹೆಂಡತಿ ಬಟ್ಟೆ ಒಣಹಾಕುವ ತಂತಿಗಾಗಿ ಎರಡು ಪ್ರತಿಗಳಲ್ಲಿ ಅರ್ಜಿ ಕೊಟ್ಟಳು. ಅತ್ತಿಗೆಯವರು ಕುಕ್ಕರಿನ ರಬ್ಬರಿಗೆ ಬರೆದ ಅರ್ಜಿ ಹದಿನಾಲ್ಕು ದಿನ "ಪರಿಶೀಲನೆಯಲ್ಲಿದೆ" ಎಂದೇ ಇತ್ತು. ಅಷ್ಟೂ ದಿನ ಅವರು ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿದರು. ತಾವು ಅದನ್ನು ಉಂಡು, ಬೇಳೆ ಬೆಂದಿಲ್ಲವೆಂದು ಜ್ಞಾಪನಾಪತ್ರ ಕೊಟ್ಟಿರಿ.

2. ಹನ್ನೊಂದು ತಿಂಗಳ ಹಿಂದೆ ಮನೆಗೆ ಜನರೇಟರ್ ಬಂತು. ಅದನ್ನು ಹಿತ್ತಲಲ್ಲಿ ಇಟ್ಟು, ಮೇಲೆ ಹೊದಿಕೆ ಹಾಕಿ, ಕ್ರಮಸಂಖ್ಯೆ ಬರೆಸಿದಿರಿ. ಆ ದಿನವೇ ನಾನು ಮೀಟರ್ ಬೋರ್ಡಿನ ಮುಂದೆ ನಿಂತು ಹೇಳಿದ್ದೆ:

"ಅಣ್ಣಾ, ಇದಕ್ಕೊಂದು ಚೇಂಜ್ ಓವರ್ ಬೇಕು. ಇಲ್ಲಾಂದ್ರೆ ಜನರೇಟರ್ ಕರೆಂಟು ಮೀಟರ್ ದಾಟಿ ವಾಪಸ್ ಲೈನಿಗೆ ಹೋಗತ್ತೆ. ಕಂಬದ ಮೇಲಿರೋನು ಸಾಯ್ತಾನೆ."

ತಾವು ಕನ್ನಡಕ ಹಣೆಗೆ ಏರಿಸಿ ಗೋಡೆ ನೋಡಿದಿರಿ. ಆ ಸ್ವಿಚ್ ಕೂರಬೇಕಾದದ್ದು ಮೀಟರ್ ಬೋರ್ಡಿನ ಮಗ್ಗುಲಲ್ಲಿ. ಅಲ್ಲಿ ತಮ್ಮ ಬೀಳ್ಕೊಡುಗೆ ಪತ್ರ ಗಾಜು ಹಾಕಿಸಿಕೊಂಡು ಕೂತಿತ್ತು. "ಶಿಸ್ತಿನ ಸಿಪಾಯಿ, ದಕ್ಷತೆಯ ದೀಪ" ಎಂದು ಅದರಲ್ಲಿ ಬರೆದಿದೆ. ಬರೆದ ಗುಮಾಸ್ತರು ಆ ದಿನ ಎಷ್ಟು ನಿರಾಳವಾಗಿದ್ದರೆಂದು ಅಕ್ಷರ ನೋಡಿದರೆ ಗೊತ್ತಾಗುತ್ತದೆ.

"ಅದನ್ನ ತೆಗೆಯೋ ಪ್ರಶ್ನೆಯೇ ಇಲ್ಲ. ಸದ್ಯಕ್ಕೆ ಒಂದು ವೈರ್ ಮಾಡ್ಕೊಡು. ಮುಂದೆ ನೋಡೋಣ" ಎಂದಿರಿ.

3. ಈಗ ತಮ್ಮ ಕಡತದಲ್ಲಿ ಇಲ್ಲದ ಒಂದು ಸಂಗತಿಯನ್ನು ದಾಖಲಿಸುತ್ತೇನೆ. ಆ ವೈರನ್ನು ಮಾಡಿಕೊಟ್ಟವನು ನಾನೇ. ಎರಡೂ ತುದಿಗೆ ಪಿನ್ನು ಇರುವ ವೈರು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಅಡುಗೆಮನೆಯ ಪ್ಲಗ್ಗಿಗೆ. ಮೇನ್ ಆಫ್ ಮಾಡಿದ್ದರೆ ಅದು ಮನೆಯನ್ನು ಬೆಳಗುತ್ತದೆ. ಆಫ್ ಮಾಡದಿದ್ದರೆ ಬೀದಿಯ ತಂತಿಗೆ ಪ್ರಾಣ ಬರುತ್ತದೆ. ಹದಿನೇಳು ವರ್ಷ ಕಂಬ ಹತ್ತಿದವನು, ಇಂಥ ವೈರನ್ನು ಬೇರೆಯವರ ಮನೆಯಲ್ಲಿ ಕಂಡಾಗ ಕಿತ್ತು ಬಿಸಾಡಿ ಬೈದು ಬಂದವನು, ನನ್ನ ಮನೆಯ ಅಡುಗೆಕಟ್ಟೆಯ ಮೇಲೆ ಕೂತು ಸ್ಕ್ರೂ ಬಿಗಿದೆ. ಮೂರು ದಿನದ ಮಟ್ಟಿಗೆ ಎಂದುಕೊಂಡೆ. ಅಣ್ಣ ಹೇಳಿದ ಮೇಲೆ ಆಯಿತು ಎಂದುಕೊಂಡೆ. ಕಾರಣ ಇಷ್ಟೇ, ಬೇರೆ ಕಾರಣವಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು "ನಿಮಗೆ ಗೊತ್ತಿದ್ದೂ ಮಾಡ್ತಿದ್ದೀರಲ್ರೀ" ಎಂದಳು. ಅವಳಿಗೆ ನಾನು ಕೊಟ್ಟ ಉತ್ತರ "ನಿನಗೇನು ಗೊತ್ತಾಗತ್ತೆ, ಸುಮ್ನಿರು." ಅವಳಿಗೆ ಗೊತ್ತಾಗಿತ್ತು.

4. ಚೇಂಜ್ ಓವರ್ ಸ್ವಿಚ್ ಎಂದರೇನೆಂದು ಎರಡು ಅರ್ಜಿಗಳಲ್ಲಿ ಚಿತ್ರ ಬರೆದು ವಿವರಿಸಿದ್ದೆ. ಚಿತ್ರದ ಕೆಳಗೆ ತಾವು "ಗೆರೆ ನೇರವಾಗಿಲ್ಲ" ಎಂದು ಬರೆದಿರುವುದರಿಂದ ಈ ಬಾರಿ ಚಿತ್ರ ಕೈಬಿಟ್ಟಿದ್ದೇನೆ. ಅದೊಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಹಿಡಿ. ಹಿಡಿ ಮೇಲಿದ್ದರೆ ಬೀದಿಯ ಕರೆಂಟು. ಕೆಳಗಿದ್ದರೆ ಜನರೇಟರಿನ ಕರೆಂಟು. ನಡುವೆ ಇದ್ದರೆ ಯಾವುದೂ ಇಲ್ಲ. ಎರಡೂ ಒಟ್ಟಿಗೆ ಸೇರಲು ಅದರೊಳಗೆ ದಾರಿಯೇ ಇಲ್ಲ. ಅದು ಎರಡು ದೋಣಿಯಲ್ಲಿ ಕಾಲಿಡುವುದಿಲ್ಲ, ಷರಾ ಬರೆಯುವುದಿಲ್ಲ, ಮುಂದಿನ ವಾರ ಬಾ ಅನ್ನುವುದಿಲ್ಲ. ಮನೆಯ ಯಜಮಾನ ಮರೆತರೂ ಅದು ಮರೆಯುವುದಿಲ್ಲ. ಆದ್ದರಿಂದಲೇ ಅದು ತಮಗೆ ಹಿಡಿಸಲಿಲ್ಲವೋ ಏನೋ.

5. ಅದರ ಬದಲಿಗೆ ತಾವು ತಂದದ್ದು ಸುತ್ತೋಲೆ ಸಂಖ್ಯೆ 7. ಅದರ ಮೇರೆಗೆ ಅಡುಗೆಮನೆಯ ಬಾಗಿಲಿಗೆ ದಾರ ಕಟ್ಟಿ ಒಂದು ಪುಸ್ತಕ ನೇತುಹಾಕಲಾಯಿತು. ನಾಲ್ಕು ಕಾಲಂ: ದಿನಾಂಕ, ವೇಳೆ, ಮೇನ್ ಆಫ್ ಮಾಡಿದವರ ಸಹಿ, ಪರಿಶೀಲಿಸಿದವರ ಸಹಿ. ಎರಡು ಸಹಿ ಇಲ್ಲದೆ ಜನರೇಟರ್ ಚಾಲೂ ಮಾಡತಕ್ಕದ್ದಲ್ಲ. ಮೇನ್ ಆಫ್ ಮಾಡುವ ಕೆಲಸ ಅತ್ತಿಗೆಯವರದು, ಪರಿಶೀಲನೆ ತಮ್ಮದು.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಎರಡನೆಯ ತಿಂಗಳ ಕೊನೆಗೆ ತಾವು ಪುಸ್ತಕ ತಪಾಸಣೆ ಮಾಡಿ, ಆರು ದಿನಗಳ ಕಾಲಂ ಖಾಲಿ ಇದೆ ಎಂದು ಅತ್ತಿಗೆಯವರಿಗೆ ವಿವರಣೆ ಕೇಳಿದಿರಿ.

"ಆ ದಿನ ಕರೆಂಟೇ ಹೋಗಿರ್ಲಿಲ್ಲ ಕಣ್ರೀ. ಯಾತಕ್ಕೆ ಸಹಿ ಹಾಕ್ಲಿ?" ಎಂದರು ಅವರು.

"ಕರೆಂಟ್ ಹೋಗೋದು ಬಿಡೋದು ಇಲಾಖೆಗೆ ಸೇರಿದ್ದು. ಕಾಲಂ ಖಾಲಿ ಇರಬಾರ್ದು" ಎಂದಿರಿ ತಾವು.

ಅಂದಿನಿಂದ ಅತ್ತಿಗೆಯವರು ಪ್ರತಿ ತಿಂಗಳ ಮೊದಲ ದಿನ ಕೈ ಒರೆಸಿಕೊಂಡು ಕೂತು ಮೂವತ್ತು ದಿನಕ್ಕೂ ಸಹಿ ಹಾಕಿಬಿಡುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಮೂವತ್ತು ದಿನಕ್ಕೂ ಪರಿಶೀಲಿಸಿದ ಸಹಿಯನ್ನು ಹಸಿರು ಶಾಯಿಯಲ್ಲಿ ತಾವೂ ಹಾಕುತ್ತಿದ್ದಿರಿ. ಅಕ್ಷರ ದುಂಡಗಿತ್ತು. ಕಾಲಂ ಒಂದೂ ಖಾಲಿ ಇರಲಿಲ್ಲ. ಇನ್ನೂ ಹುಟ್ಟದ ದಿನಗಳಲ್ಲಿ ಇನ್ನೂ ಹೋಗದ ಕರೆಂಟಿಗೆ ಮೇನ್ ಆಫ್ ಆಗಿರುವುದನ್ನು ಖುದ್ದು ನೋಡಿ ದೃಢಪಡಿಸಿದ ಅಧಿಕಾರಿ ತಾವೊಬ್ಬರೇ ಇರಬೇಕು.

6. ಈಗ ಕೊಕ್ಕರೆಯ ವಿಷಯ. ಅವನು ನನ್ನ ಜೋಡಿ ಲೈನ್‌ಮ್ಯಾನ್. ಉದ್ದ ಕಾಲಿನವನಾದ್ದರಿಂದ ಸೆಕ್ಷನ್ ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆ. ಅವನ ನಿಜವಾದ ಹೆಸರು ತಮಗೆ ಗೊತ್ತು. ಏಕೆಂದರೆ ಅವನ ಕೆಲಸ ಕಾಯಂ ಮಾಡಬೇಕೆಂಬ ಅರ್ಜಿಯನ್ನು ಬರೆದುಕೊಟ್ಟವರು ತಾವೇ. ಅದರ ನಕಲನ್ನು ಅವನು ಇಂದಿಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. "ನಿಮ್ಮಣ್ಣ ಬರೆದ್ರೆ ಕಲ್ಲೂ ಕರಗತ್ತೆ ಕಣೋ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಾನೆ. ತಮ್ಮನ್ನು ಹೊಗಳುವ ಮನುಷ್ಯ ಈ ಊರಿನಲ್ಲಿ ಅವನೊಬ್ಬನೇ ಉಳಿದಿದ್ದ.

ಕಳೆದ ತಿಂಗಳು ಹತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಗಾಳಿಗೆ ನಮ್ಮ ಬೀದಿಯ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ತಂತಿ ತುಂಡಾಯಿತು. ನಾನು ಮತ್ತು ಕೊಕ್ಕರೆ ಬಂದೆವು. ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಬಂದ್ ಮಾಡಿಸಿದೆವು. ಅವನು ಮೂಲೆಯ ಕಂಬ ಹತ್ತಿ ಟೆಸ್ಟರ್ ಹಚ್ಚಿ ನೋಡಿದ. ತಂತಿ ಸತ್ತಿತ್ತು. ಕೆಳಗಿನಿಂದ ಅರ್ತಿಂಗ್ ಸರಪಳಿಯನ್ನು ಹಗ್ಗಕ್ಕೆ ಕಟ್ಟಿ ನಾನು ಮೇಲಕ್ಕೆ ಕಳುಹಿಸುತ್ತಿದ್ದೆ. ಅದನ್ನು ತಂತಿಗೆ ಸಿಕ್ಕಿಸಿದ್ದರೆ ಆಮೇಲೆ ಯಾರ ಮನೆಯ ಕರೆಂಟು ಬಂದರೂ ಅವನ ಕೂದಲು ಕೊಂಕುತ್ತಿರಲಿಲ್ಲ. ತುಂಡಾದ ತಂತಿಯ ಈಚೆ ಬದಿಗೆ ಇದ್ದ ಮನೆ ಒಂದೇ. ಆ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ನಾನಿದ್ದೇನೆ.

ಹತ್ತೂ ನಲವತ್ತಕ್ಕೆ ತಾವು ಪುಸ್ತಕ ನೋಡಿದಿರಿ. ಹತ್ತೊಂಬತ್ತನೆಯ ತಾರೀಖಿನ ಎದುರಿಗೆ ಎರಡು ಸಹಿ ಇದ್ದವು. ತಾವು ಜನರೇಟರಿನ ಹಗ್ಗ ಎಳೆದಿರಿ.

ಅದರ ಶಬ್ದ ನನಗೂ ಕೇಳಿಸಿತು. ಅದು ನಮ್ಮ ಹಿತ್ತಲಿನದು ಎಂದು ತಲೆಗೆ ಹೋಗುವಷ್ಟರಲ್ಲಿ ಕೊಕ್ಕರೆ ಬೆಲ್ಟಿನಲ್ಲಿ ನೇತಾಡುತ್ತಿದ್ದ, ಬಲಗೈ ತಂತಿಗೆ ಅಂಟಿಕೊಂಡಿತ್ತು. ಕಂಬ ಹತ್ತಿದರೆ ನಾನೂ ಹೋಗುತ್ತಿದ್ದೆ. ಆದ್ದರಿಂದ ಮನೆಗೆ ಓಡಿದೆ. ಅರುವತ್ತು ಹೆಜ್ಜೆ. ಆ ಅರುವತ್ತು ಹೆಜ್ಜೆಯನ್ನು ನಾನು ಈಗಲೂ ದಿನಾ ಓಡುತ್ತಿದ್ದೇನೆ.

ಹಾಲ್‌ನಲ್ಲಿ ತಾವು ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಿರಿ. ಎಲ್ಲಿಗೂ ಹೋಗುವುದಿರಲಿಲ್ಲ, ಆದರೂ ಮಾಡುತ್ತಿದ್ದಿರಿ. ನನ್ನನ್ನು ನೋಡಿ ತಾವು ಆಡಿದ ಮೊದಲ ಮಾತು, "ಶೂ ಹೊರಗೆ ಬಿಡೋ!" ನಾನು ಹೋಗಿ ಮೇನ್ ಕೆಳಗೆ ಹೊಡೆದೆ. ಆಗ ತಾವು ಆಡಿದ ಎರಡನೆಯ ಮಾತನ್ನು ಅಕ್ಷರಶಃ ನಮೂದಿಸುತ್ತೇನೆ:

"ಯಾರನ್ನ ಕೇಳಿ ಆಫ್ ಮಾಡ್ದೆ? ಪುಸ್ತಕದಲ್ಲಿ ಆಗ್ಲೇ ಆಫ್ ಆಗಿದೆಯಲ್ಲೋ!"

ಮೇನ್ ಆಫ್ ಆದರೂ ತಮ್ಮ ಇಸ್ತ್ರಿ ಪೆಟ್ಟಿಗೆ ಆರಲಿಲ್ಲ. ಜನರೇಟರ್ ಓಡುತ್ತಲೇ ಇತ್ತು. ತಾವು ಕಾಲರಿನ ಕಡೆ ತಿರುಗಿದಿರಿ.

7. ಕೊಕ್ಕರೆ ಬದುಕಿದ. ಭುಜ ಜಾರಿತ್ತು, ಅದನ್ನು ಕೂರಿಸಿದರು. ಬಲಗೈಯ ಎರಡು ಬೆರಳನ್ನು ತೆಗೆದರು. ಆಸ್ಪತ್ರೆಯಲ್ಲಿ ನಾನು ಅವನ ಮಂಚದ ಪಕ್ಕ ಕೂತಾಗ ಅವನು ಸೂರು ನೋಡುತ್ತಾ ಹೇಳಿದ:

"ನಿಮ್ಮನೆ ಜನರೇಟರ್ ಶಬ್ದ ಕೇಳಿಸ್ತು ಕಣೋ. ಆಮೇಲೆ ಏನೂ ಕೇಳಿಸ್ಲಿಲ್ಲ."

ನಾನು ಅವನ ಹೊದಿಕೆ ಸರಿಮಾಡಿದೆ. ಅವನು, "ನಿಮ್ಮಣ್ಣಂಗೆ ಹೇಳ್ಬೇಡ. ಪಾಪ, ಮನಸ್ಸಿಗೆ ಹಚ್ಕೋತಾರೆ" ಎಂದ.

ತಾವು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂಬ ಸಂತೋಷದ ಸಮಾಚಾರವನ್ನು ಅವನಿಗೆ ತಿಳಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

8. ಸೆಕ್ಷನ್ ಆಫೀಸರು ವಿಚಾರಣೆ ಆರಂಭಿಸಿ, ಬಂದ್ ಮಾಡಿದ ಲೈನಿಗೆ ಕರೆಂಟು ಎಲ್ಲಿಂದ ಬಂತೆಂದು ನನ್ನಿಂದ ಲಿಖಿತ ಹೇಳಿಕೆ ಕೇಳಿದರು. ಎಲ್ಲಿಂದ ಬಂತೆಂದು ತಿಳಿಯದೇ ಹೋದರೆ, ಟೆಸ್ಟ್ ಮಾಡದೆ ತಂತಿಗೆ ಕೈ ಹಾಕಿದ ನೌಕರನ ಅಜಾಗರೂಕತೆ ಎಂದಾಗುತ್ತದೆ. ಕಾಯಂ ಆದ ಕೆಲಸ ಆ ಒಂದು ಸಾಲಿನಲ್ಲಿ ಹೋಗುತ್ತದೆ. ಇದನ್ನು ತಮಗೆ ಹೇಳಿದಾಗ ತಾವು ಒಂದು ರಾತ್ರಿ ಕೂಡ ಕಾಯಿಸಲಿಲ್ಲ. ಕುಕ್ಕರಿನ ರಬ್ಬರಿಗೆ ಹದಿನಾಲ್ಕು ದಿನ ತೆಗೆದುಕೊಂಡ ಕಚೇರಿ, ಅರ್ಧ ಗಂಟೆಯಲ್ಲಿ ನನ್ನ ಹೇಳಿಕೆಯನ್ನು ಸಿದ್ಧಪಡಿಸಿಕೊಟ್ಟಿತು. "ಸದರಿ ದಿನ ಸದರಿ ಕಂಬದಲ್ಲಿ ವಿದ್ಯುತ್ ಪ್ರವಾಹವು ಎಲ್ಲಿಂದ ಬಂದಿತೆಂಬುದು ತಿಳಿದುಬಂದಿರುವುದಿಲ್ಲ." ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಸಹ ಮಾಡಿದ್ದಿರಿ.

"ಅಣ್ಣಾ, ಇದು ಸುಳ್ಳು" ಎಂದೆ.

"ಸುಳ್ಳು ಬರಿ ಅಂತ ನಾನೆಲ್ಲಿ ಹೇಳ್ದೆ? ತಿಳಿದುಬಂದಿಲ್ಲ ಅಂತ ಬರಿ ಅಂದೆ. ಕಚೇರಿ ಭಾಷೇಲಿ ಅದು ಸುಳ್ಳಲ್ಲ" ಎಂದಿರಿ.

"ಕೊಕ್ಕರೆ ಕೆಲ್ಸ ಹೋಗತ್ತೆ."

"ಅವನಿಗೆ ಮೇಲ್ಮನವಿ ನಾನೇ ಬರ್ಕೊಡ್ತೀನಿ" ಎಂದಿರಿ. ತಮಾಷೆಗಲ್ಲ. ಆಗಲೇ ಒಂದು ಹಾಳೆ ಎಳೆದುಕೊಂಡು ಎಡಗಡೆ ಅಂಚು ಮಡಿಸುತ್ತಿದ್ದಿರಿ.

ಮಾನ್ಯರೇ, ಆ ಮಡಿಕೆ ನೋಡಿದ ಕ್ಷಣ ನನ್ನೊಳಗೆ ಏನೋ ಮುರಿಯಿತು. ನನಗೆ ತಮ್ಮ ಮೇಲೆ ತುಂಬಾ ಕೋಪವಿದೆ. ಅಪ್ಪ ಹೋದ ಮೇಲೆ ನನ್ನನ್ನು ಶಾಲೆಗೆ ಸೇರಿಸಿದವರು ತಾವು. ಆ ಅರ್ಜಿಯ ಪೋಷಕರ ಕಾಲಮಿನಲ್ಲಿ ಇಪ್ಪತ್ತು ವರ್ಷದ ಹುಡುಗನ ಸಹಿ ಇದೆ, ಅದು ತಮ್ಮದು. ಸಹಿಗೆ ಮುಂಚೆ ಆ ಅರ್ಜಿಯನ್ನು ತಾವು ಮೂರು ಸಲ ಓದಿದ್ದು ನನಗೆ ನೆನಪಿದೆ. ಆ ಮನುಷ್ಯ ಯಾವ ಕಚೇರಿಯಲ್ಲಿ ಯಾವ ಕಡತದ ಕೆಳಗೆ ಸಿಕ್ಕಿಹಾಕಿಕೊಂಡನೋ ನನಗೆ ಗೊತ್ತಿಲ್ಲ. ಅವನನ್ನು ಹುಡುಕಿಕೊಡಿ ಎಂದು ಪ್ರತ್ಯೇಕ ಅರ್ಜಿ ಹಾಕಬೇಕಾದರೆ ಯಾರಿಗೆ ಹಾಕಬೇಕೆಂಬುದನ್ನು ತಾವೇ ತಿಳಿಸಬೇಕು.

9. ಕಾರಣ, ನಾನು ನನ್ನ ಹೇಳಿಕೆಯನ್ನು ನಾನೇ ಬರೆದು ನಿನ್ನೆ ಸೆಕ್ಷನ್ ಆಫೀಸಿಗೆ ಕೊಟ್ಟಿದ್ದೇನೆ. ಅಂಚು ಬಿಟ್ಟಿಲ್ಲ, ಅವರು ತೆಗೆದುಕೊಂಡರು. ಕರೆಂಟು ನಮ್ಮ ಮನೆಯಿಂದ ಬಂತು. ವೈರು ಮಾಡಿದವನು ನಾನು. ಜನರೇಟರ್ ಚಾಲೂ ಮಾಡಿದವರು ನನ್ನ ಅಣ್ಣ. ಕೊಕ್ಕರೆ ಟೆಸ್ಟ್ ಮಾಡಿಯೇ ಕೈ ಹಾಕಿದ್ದ. ಇಷ್ಟೇ ಇದೆ. ಇದರಿಂದ ನನ್ನ ಕೆಲಸಕ್ಕೆ ಸಂಚಕಾರ ಬರಬಹುದು. ಬಂದರೆ ಹಿಂಬದಿಯ ಎರಡು ಕೋಣೆಗಳಲ್ಲಿ ಹಗಲು ಹೊತ್ತಿನಲ್ಲೂ ಒಬ್ಬ ನಿವಾಸಿ ಇರುತ್ತಾನೆ. ಆ ಬಗ್ಗೆ ಸುತ್ತೋಲೆ ಹೊರಡಿಸುವುದಿದ್ದರೆ ಹೊರಡಿಸಬಹುದು.

ವಿಚಾರಣೆಗೆ ಸೆಕ್ಷನ್ ಆಫೀಸಿನಿಂದ ಯಾರಾದರೂ ಬಂದರೆ ನೋಡುತ್ತಾರೆಂದು ತಾವು ಮೇನ್ ಆಫ್ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಿದ್ದಿರಿ. ಅತ್ತಿಗೆಯವರು ಬೀಗ ತೆಗೆದು ಪುಸ್ತಕವನ್ನು ತಂದು ನನಗೆ ಕೊಟ್ಟರು. ಕೊಡುವ ಮೊದಲು ಪುಸ್ತಕ ಬಿಚ್ಚಿ, ಹತ್ತೊಂಬತ್ತರ ನಂತರದ ದಿನಗಳಲ್ಲಿದ್ದ ಅವರದೇ ಸಹಿಗಳನ್ನು ತಿಂಗಳ ಕೊನೆಯಿಂದ ಹಿಂದಕ್ಕೆ ಒಂದೊಂದಾಗಿ ಹೊಡೆದುಹಾಕಿದರು. ಹತ್ತೊಂಬತ್ತರ ಸಹಿಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ ತುಂಬಾ ಹೊತ್ತು ಅತ್ತರು. ಅದನ್ನು ಹೊಡೆದುಹಾಕಲಿಲ್ಲ. ಇರಲಿ ಬಿಡು ಎಂದರು.

10. ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ:

(ಅ) ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೀಟರ್ ಬೋರ್ಡಿನ ಮಗ್ಗುಲಲ್ಲಿ ಗೋಡೆಗೆ ನಾಲ್ಕು ತೂತು ಕೊರೆದು ಚೇಂಜ್ ಓವರ್ ಸ್ವಿಚ್ ಕೂರಿಸಲಾಗುವುದು. ಇದು ಅನುಮತಿ ಕೋರಿಕೆಯಲ್ಲ, ತಿಳುವಳಿಕೆ.

(ಆ) ತಮ್ಮ ಬೀಳ್ಕೊಡುಗೆ ಪತ್ರವನ್ನು ಒಂದೂವರೆ ಅಡಿ ಎಡಕ್ಕೆ ಸರಿಸಲಾಗುವುದು. ಎಡಗಡೆ ಅಂಚು ಬಿಡುವುದು ತಮಗೆ ಇಷ್ಟವಾದ್ದರಿಂದ ಗೋಡೆಯಲ್ಲೂ ಅಂಚು ಬಿಡಲಾಗುವುದು.

(ಇ) ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಬೇಕಾಗುತ್ತದೆ. ಅದನ್ನು ತಾವೇ ಎದ್ದು ಬಂದು, ತಮ್ಮ ಕೈಯಿಂದ ಮಾಡಬೇಕು. ಅದರ ಸಹಿಯನ್ನು ಆಫ್ ಆದ ಮೇಲೆ ಹಾಕಬೇಕು.

(ಈ) ಅಲ್ಲಿಯವರೆಗೆ ಕರೆಂಟು ಹೋದರೆ ತಾವು ಕತ್ತಲಲ್ಲಿ, ಸುಕ್ಕು ಅಂಗಿಯಲ್ಲಿ ಇರತಕ್ಕದ್ದು.

ಇಂತು ತಮ್ಮ ವಿಶ್ವಾಸಿ, ವಿಶ್ವಾಸ ಎಷ್ಟು ಉಳಿದಿದೆ ಎಂಬುದನ್ನು ಅಡಕ 3ರಲ್ಲಿ ನೋಡುವುದು,

(ಸಹಿ, ಪೂರ್ತಿ ಓದಿದ ಮೇಲೆ ಹಾಕಿದ್ದು)
ತಮ್ಮ ತಮ್ಮ

ಅಡಕಗಳು:
1. ಎರಡೂ ತುದಿಗೆ ಪಿನ್ನಿದ್ದ ವೈರು, ಒಂದು. ಪಿನ್ನುಗಳನ್ನು ಕತ್ತರಿಸಲಾಗಿದೆ.
2. ಮೇನ್ ಆಫ್ ಪುಸ್ತಕದ ಸದರಿ ತಿಂಗಳ ಹಾಳೆಯ ನಕಲು. ಮೂಲ ಸೆಕ್ಷನ್ ಆಫೀಸಿನಲ್ಲಿದೆ.
3. ನನ್ನ ಹೇಳಿಕೆಯ ನಕಲು.
4. ತಾವು ಸಿದ್ಧಪಡಿಸಿದ ಹೇಳಿಕೆ, ಪೆನ್ಸಿಲ್ ಗುರುತಿನ ಸಹಿತ, ಸಹಿಯಿಲ್ಲದೆ ವಾಪಸ್.
5. ತಮ್ಮ ಬಿಳಿ ಅಂಗಿ, ನಾನು ವೈರು ಕಿತ್ತ ಹೊತ್ತಿಗೆ ಅರ್ಧ ಇಸ್ತ್ರಿಯಾಗಿದ್ದದ್ದು.

ಮಾರ್ಗ ಷರಾ (ಅತ್ತಿಗೆಯವರ ಕೈಬರಹದಲ್ಲಿ): ಓದಿದೆ. ಎರಡು ಸಲ ಓದಿದೆ. ಭಾನುವಾರ ಸ್ಟೂಲು ಹಿಡಿಯಲು ನಾನಿರುತ್ತೇನೆ. ನೀವೂ ಏಳಿ.

ವಿಶೇಷ ಸೂಚನೆ: ಭಾನುವಾರ ಸ್ವಿಚ್ಚಿನ ಕೆಲಸ ನೋಡಲು ಕೊಕ್ಕರೆ ಬರುತ್ತೇನೆಂದಿದ್ದಾನೆ. ನಾನು ಬೇಡವೆಂದರೂ ಕೇಳಲಿಲ್ಲ. ತಮ್ಮನ್ನು ನೋಡಿ ಬಹಳ ದಿನವಾಯಿತಂತೆ. ಅವನಿಗೆ ತಾವು ಹೇಳಬೇಕಾದದ್ದು ಏನಾದರೂ ಇದ್ದರೆ ದಯವಿಟ್ಟು ಬಾಯಲ್ಲೇ ಹೇಳಬೇಕಾಗಿ ವಿನಂತಿ. ಅವನ ಬಲಗೈಯಲ್ಲಿ ಸದ್ಯಕ್ಕೆ ಕಾಗದ ನಿಲ್ಲುವುದಿಲ್ಲ.